ಕುಸುಬಿ ಎಣ್ಣೆ ಕುಡಿದ ರೇಡಿಯೋ

ಪಂಚಮಿ ಹಬ್ಬಕ್ಕೆ ಅಕ್ಕನನ್ನು ಕರೆತರಲು ಹಿರೇಕೆರೂರಿಗೆ ಹೋಗುವುದು ನನ್ನ ಪ್ರತಿ ವರ್ಷದ ಕೆಲಸ. ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ ಅದು. ಬಸ್ಸಿನ ವೇಳೆ ಆಕೆಗೆ ಬಾಯಿಪಾಠ. ಆ ದಾರಿಯಲ್ಲೇ ಕಂಡಕ್ಟರನಾಗಿ ಆಯುಷ್ಯ ಸವೆಸಿದ ನನಗಿಂತ ಆಕೆಗೇ ಹೆಚ್ಚು ಗೊತ್ತು. ಆದರೂ ಒಬ್ಬಳೇ ಬರುವವಳಲ್ಲ. "ಕರಿಯಾಕ ಬರಲಾರದ ತವರಿಗೆ ನಾ ಹೆಂಗ ಬರ್ಲೋ? ನಾ ಏನು ನಿಮ್ಮನಿಗೆ ಹಿಟ್ಟು ಕಡಾ ಕೇಳಾಕ ಬರೂ ನೆರಮನಿಯಾಕಿ ಏನು?" ಎಂದು ಒಂದು ವರ್ಷ ನಾನು ಜ್ವರ ಬಂದು ಮಲಗಿದ್ದಾಗ ಫೋನಿನಲ್ಲಿ ಬೈದಿದ್ದಳು. ಆಮೇಲೆ ಜ್ವರ ಬಂದರೂ ಹೋಗುತ್ತಿದ್ದೆ.

ಈ ಸಲ ಹೋದಾಗ ಅಕ್ಕ ಕಟ್ಟೆಯ ಮೇಲೆ ಕುಳಿತಿದ್ದಳು, ತೊಡೆಯ ಮೇಲೆ ಕಂಬಳಿ ಸುತ್ತಿದ ದೊಡ್ಡದೊಂದು ಗಂಟು ಇಟ್ಟುಕೊಂಡು. ನಾನು ಅಂಗಳಕ್ಕೆ ಬಂದು ನಿಂತರೂ ನನ್ನ ಕಡೆ ನೋಡಲಿಲ್ಲ. ಸಿಟ್ಟಾಗಿರಬೇಕು ಎಂದುಕೊಂಡು ಹಲ್ಲು ಕಿರಿದೆ. ಆಗ ಅಳಿಯ, ಅಂದರೆ ಅಕ್ಕನ ಮಗ, ನನ್ನನ್ನು ದನದ ಮನೆಯ ಹತ್ತಿರ ಕರೆದ.

"ಮಾಮಾ, ಹುಬ್ಬಳ್ಳಿಗೆ ಕರಕೊಂಡ ಹೋಗಿದ್ದೆ. ಕಣ್ಣಿನ ನರಾ ಒಣಗಾಕತ್ತೈತಂತ. ಹೋದದ್ದು ತಿರುಗಿ ಬರೂದಿಲ್ಲಂತ. ಉಳದದ್ದು ಎಷ್ಟ ದಿನಾ ಇರತೈತಿ ಅಂದ್ರ ಅವರಿಗೂ ಗೊತ್ತಿಲ್ಲಂತ. ಹನಿ ಬಿಡ್ರಿ ಅಂದಾರ."

"ಆಕಿಗೆ ಗೊತ್ತೇನು?"

"ಡಾಕ್ಟರಿಗೆ ಹೇಳಿದಾಕಿನ ಆಕಿ. 'ಸೂಜಿ ಕಣ್ಣಾಗಿಂದ ನೋಡಿದಂಗ ಆಗೈತ್ರಿ, ದಾರಾ ಪೋಣಿಸೂದೊಂದ ಉಳದೈತಿ' ಅಂದ್ಲು. ಅವ್ರು ನಕ್ರು. ನನಗ ನಗಿ ಬರಲಿಲ್ಲ."

ಬಸ್ಸಿನಲ್ಲಿ ಅಕ್ಕ ಕಂಬಳಿಯ ಗಂಟನ್ನು ನನ್ನ ಕೈಗೆ ಕೊಡಲಿಲ್ಲ. ಮೂಲೆ ಸರಿದು ಕಟ್ಟಿಗೆಯ ಅಂಚು ಕಂಡಿತು, ಅದರ ಹಿಂದೆ ಮಣ್ಣುಬಣ್ಣವಾದ ಜರಿಬಟ್ಟೆಯ ತುಣುಕು. ರೇಡಿಯೋ. ನಮ್ಮ ಅಪ್ಪನ ರೇಡಿಯೋ. ಮುಂದಿನ ಸೀಟಿನ ಹಣ್ಣು ಹಣ್ಣು ಮುದುಕನೊಬ್ಬ ಹಿಂದಿರುಗಿ ಇಣುಕಿದ.

"ಹತ್ತತೈತೇನ್ರಿ ಅದು?"

"ಇಲ್ರಿ," ಎಂದಳು ಅಕ್ಕ. "ಗಂಟಲಾ ಹೋಗಿ ಭಾಳ ವರ್ಷಾತು."

"ಮತ್ಯಾಕ ಹೊತ್ಗೊಂಡು ಹೊಂಟೀರಿ?"

"ನಿಮ್ಮನ್ನ ನಿಮ್ಮನಿಯಾರು ಯಾಕ ಇಟಗೊಂಡಾರಪಾ, ಹಂಗ."

ಮುದುಕ ಬೊಚ್ಚು ಬಾಯಿ ತೆರೆದು ನಕ್ಕ, ಸುತ್ತಲಿನವರೂ ನಕ್ಕರು. ನಗು ಅಡಗಿ, ಹಾನಗಲ್ಲಿನಲ್ಲಿ ಬಸ್ಸು ಬಹಳ ಹೊತ್ತು ನಿಂತಾಗ, ಅಕ್ಕ ನನ್ನ ಮೊಣಕೈ ಹಿಡಿದು ಮೆಲ್ಲಗೆ ಹೇಳಿದಳು. "ತಮ್ಮಾ, ಇದರಾಗ ಒಮ್ಮೆ ನನ್ನ ಮಾರಿ ನೋಡ್ಕೋಬೇಕೋ. ಮೊದಲಿನಂಗ ಹೊಳಿಯೂ ಹಂಗ ಮಾಡಿಸಿ ಕೊಡು. ಕಣ್ಣು ಪೂರಾ ಹೋಗೂದ್ರಾಗ."

"ಮನ್ಯಾಗ ಕನ್ನಡಿ ಇಲ್ಲೇನಕ್ಕಾ?"

"ಕನ್ನಡ್ಯಾಗ ಇರಾಕಿ ಹಿರೇಕೆರೂರಿನಾಕಿ. ಆಕೀನ್ನ ದಿನಾ ನೋಡೀನಿ, ಸಾಕಾಗ್ಯಾಳ. ಇದರಾಗ ಇದ್ದಾಕಿ ನಮ್ಮ ಹಾನಗಲ್ಲಿನಾಕಿ."

ಆಕೆಯ ಮಾತು ನನಗೆ ಅರ್ಥವಾಯಿತು. ಬೇರೆ ಯಾರಿಗೂ ಆಗುತ್ತಿರಲಿಲ್ಲ.

ನಾವು ಹುಟ್ಟಿ ಬೆಳೆದದ್ದು ಹಾನಗಲ್ಲಿನಲ್ಲಿ. ಅಪ್ಪನದು ಕಾಳುಕಡಿಯ ಅಂಗಡಿ. ಮನೆಯಲ್ಲಿ ಇದ್ದ ಕನ್ನಡಿ ಒಂದೇ, ಅಪ್ಪ ದಾಡಿ ಮಾಡಿಕೊಳ್ಳುತ್ತಿದ್ದ ಅಂಗೈಯಗಲದ್ದು, ಗೂಟದ ಮೇಲೆ ಎತ್ತರದಲ್ಲಿ ನೇತಾಡುತ್ತಿತ್ತು. ಹುಡುಗಿಯರು ಅದನ್ನು ಇಳಿಸಿದರೆ ಅವ್ವ ಬೈಯುತ್ತಿದ್ದಳು. ಅಕ್ಕನಿಗೆ ಅದರಲ್ಲಿ ಒಂದು ಸಲಕ್ಕೆ ಒಂದು ಕಣ್ಣೋ ಅರ್ಧ ಮೂಗೋ ಕಾಣಿಸುತ್ತಿತ್ತಂತೆ. ಹೀಗಿದ್ದಾಗ ಒಂದು ಸುಗ್ಗಿಯ ಮುಂದೆ ಅಪ್ಪ ಹುಬ್ಬಳ್ಳಿಯಿಂದ ರೇಡಿಯೋ ತಂದ. ಓಣಿಯೆಲ್ಲ ಪಡಸಾಲೆಯಲ್ಲಿ ಕೂತು ಅದು ಯಾವಾಗ ಬಾಯಿ ಬಿಡುತ್ತದೆ ಎಂದು ಕಾದಿತು. ಅಕ್ಕನಿಗೆ ಹಾಡೂ ಬೇಕಿರಲಿಲ್ಲ, ಸುದ್ದಿಯೂ ಬೇಕಿರಲಿಲ್ಲ. ಅದರ ಪೆಟ್ಟಿಗೆಯ ಹಣೆಯಲ್ಲಿ ಆಕೆ ತನ್ನ ಎರಡೂ ಭುಜ ಒಟ್ಟಿಗೆ ಕಂಡಿದ್ದಳು.

ಎಂಥ ಪೆಟ್ಟಿಗೆ ಅದು! ಒಳಗೆ ಸಾದಾ ಕಟ್ಟಿಗೆ, ಮೇಲೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಇನ್ನೊಂದು ಕಟ್ಟಿಗೆಯ ಪದರು. ಅದರ ಗೆರೆಗಳು ನಡುವಿನಿಂದ ಎರಡೂ ಕಡೆಗೆ ಒಂದೇ ಸಮ ಬಿಚ್ಚಿಕೊಂಡು ನವಿಲುಗರಿಯ ಹಾಗೆ ಕಾಣುತ್ತಿದ್ದವು. ಅಂಚಿನಲ್ಲಿ ಕಬ್ಬಿನ ಕಾಕಂಬಿಯ ಕಂದು ಬಣ್ಣ, ನಡುವಿಗೆ ಬಂದಂತೆ ಜೇನಿನ ಬಣ್ಣ. ದನಿ ಬರುವ ಬಾಯಿಗೆ ಹೊದಿಸಿದ ಜರಿಬಟ್ಟೆಯ ಸುತ್ತ ಕೂದಲೆಳೆಯಂಥ ಬಂಗಾರದ ಗೆರೆ. ಅದೆಲ್ಲದರ ಮೇಲೆ ನೀರು ನಿಂತ ಹಾಗಿನ ಹೊಳಪು. ಅಕ್ಕ ಅದರ ಮುಂದೆ ಕೂತೇ ಜಡೆ ಹಾಕಿಕೊಳ್ಳುತ್ತಿದ್ದಳು, ಕುಂಕುಮ ಇಟ್ಟುಕೊಳ್ಳುತ್ತಿದ್ದಳು. ನನ್ನನ್ನು ಕಂಕುಳಲ್ಲಿ ಎತ್ತಿ, "ನೋಡು, ಒಳಗ ಒಂದು ಮಂಗ್ಯಾ ಕುಂತೈತಿ" ಎಂದು ನನ್ನ ಮುಖವನ್ನೇ ತೋರಿಸುತ್ತಿದ್ದಳು. ನಾನು ಆ ಮಂಗ್ಯಾನಿಗೆ ಹೆದರಿ ಅಳುತ್ತಿದ್ದೆನಂತೆ.

ಹಿರೇಕೆರೂರಿನವರಿಗೆ ಅಕ್ಕನನ್ನು ಕೊಟ್ಟಾಗ, ಏನು ಬೇಕು ಕೇಳು ಎಂದ ಅಪ್ಪನಿಗೆ ಆಕೆ ರೇಡಿಯೋ ಎಂದಳು. ಅಪ್ಪನ ಮುಖ ಇಳಿಯಿತು, ಆದರೂ ಕೊಟ್ಟ. ಅದು ಅಕ್ಕನ ಜೊತೆ ಗಾಡಿ ಹತ್ತಿತು.

ಈಗ ನನ್ನ ಮನೆಯಿರುವ ಶಿಗ್ಗಾಂವಿಗೆ ಬಂದು ಹಬ್ಬ ಮಾಡಿದೆವು. ಅಳ್ಳು, ತಂಬಿಟ್ಟು, ಶೇಂಗಾ ಉಂಡೆ ಎಲ್ಲವೂ ಆದವು. ಅಕ್ಕ ಉಂಡೆ ಕಟ್ಟುವಾಗ ನನ್ನ ಹೆಂಡತಿ ನೋಡಿದಳು: ಕೈ ಬೆಲ್ಲದ ಬೋಗುಣಿಯನ್ನು ಹುಡುಕುತ್ತಿತ್ತು, ಬೋಗುಣಿ ಎದುರಿಗೇ ಇತ್ತು. ಹೆಂಡತಿ ಅದನ್ನು ಸದ್ದಿಲ್ಲದೆ ಕೈಯ ಬುಡಕ್ಕೆ ಸರಿಸಿದಳು. "ಯಾರ ಸರಸಿದ್ರು?" ಎಂದಳು ಅಕ್ಕ. "ಇರುವಿ," ಎಂದಳು ಹೆಂಡತಿ.

ಹಬ್ಬ ಮುಗಿದ ಮೇಲೆ ರೇಡಿಯೋ ತೆಗೆದುಕೊಂಡು ಸವಣೂರಿಗೆ ಹೋದೆವು. ಅಲ್ಲೊಬ್ಬ ಪಾಲಿಶ್ ಮಾಡುವವನಿದ್ದ. ನನ್ನ ಬಸ್ಸಿನ ಹಳೆಯ ಗಿರಾಕಿ, ಬಾಯಿಬಡುಕ. ಮಠದ ಪಲ್ಲಕ್ಕಿಗೂ ತಾನೇ, ಮಸೀದಿಯ ಬಾಗಿಲಿಗೂ ತಾನೇ, ಎರಡೂ ಕಡೆಯ ದೇವರು ತನ್ನ ಕೈಯ ಹೊಳಪು ನೋಡಿಯೇ ಒಳಗೆ ಕೂತಿದ್ದಾರೆ ಎಂದು ಹೇಳಿಕೊಳ್ಳುವವನು. ನಾನೊಬ್ಬನೇ ಹೋಗುತ್ತೇನೆ ಎಂದರೆ ಅಕ್ಕ ಒಪ್ಪಲಿಲ್ಲ. ಬಣ್ಣ ತಪ್ಪು ಮಾಡುತ್ತಾನೆ, ಹಾನಗಲ್ಲಿನ ಬಣ್ಣ ತನಗೊಬ್ಬಳಿಗೇ ಗೊತ್ತು ಎಂದಳು. ಅದು ನಿಜವೂ ಆಗಿತ್ತು.

ಅವನು ಕಂಬಳಿ ಬಿಚ್ಚಿ ನೋಡಿ ಸಿಳ್ಳೆ ಹಾಕಿದ. ಪೆಟ್ಟಿಗೆ ಕಪ್ಪಾಗಿತ್ತು. ಕೊಳೆಯ ಕಪ್ಪಲ್ಲ, ಹಳೆಯ ಹೊಸ್ತಿಲಿನ ಕಪ್ಪು. ನವಿಲುಗರಿ ಎಲ್ಲಿ ಎಂದು ಹುಡುಕಬೇಕಿತ್ತು. "ಆಗ್ತೈತ್ರಿ ಸಾಹೇಬ್ರ, ಇಂಥಾವು ಎಷ್ಟ ಮಾಡೇನಿ," ಎಂದು ಸ್ಪಿರಿಟ್ಟಿನಲ್ಲಿ ಬಟ್ಟೆ ಅದ್ದಿ ಉಜ್ಜಿ ಉಜ್ಜಿ ಕರಿ ತೆಗೆದ. ಹಣೆಯ ಮೇಲೆ ಅಂಗೈಯಷ್ಟು ಜಾಗದಲ್ಲಿ ಜೇನಿನ ಬಣ್ಣ ಎದ್ದಿತು. ಅಕ್ಕ ಕುತ್ತಿಗೆ ಆ ಕಡೆ ಈ ಕಡೆ ತಿರುಗಿಸಿ, ತನ್ನ ಸೂಜಿಯ ಕಣ್ಣನ್ನು ಆ ಜಾಗಕ್ಕೆ ತಂದು ನಿಲ್ಲಿಸಿ, "ಇದ! ಇದ ಬಣ್ಣ!" ಎಂದು ತೊಡೆ ತಟ್ಟಿದಳು. ಆ ಹೊತ್ತಿಗೆ ಆಕೆಯ ಮುಖದಲ್ಲಿ ಇದ್ದದ್ದನ್ನು ನಾನು ಬರೆಯಲಾರೆ.

ಆಮೇಲೆ ಅವನು ಅರಗಿನ ಚಕ್ಕೆ ಕರಗಿಸಿದ ಪಾಲಿಶ್ ತೆಗೆದು, ಹತ್ತಿಯ ಉಂಡೆಗೆ ಹಳೇ ಧೋತರ ಸುತ್ತಿದ ಪೊಟ್ಲಿಯನ್ನು ಅದರಲ್ಲಿ ಅದ್ದಿ, ಆ ಜಾಗದ ಮೇಲೆ ಒಮ್ಮೆ ಎಳೆದ. ಎಳೆದ ಪಾಲಿಶ್ ನಿಲ್ಲಲಿಲ್ಲ. ಎಲೆಬಳ್ಳಿಯ ಎಲೆಯ ಮೇಲೆ ಬಿದ್ದ ಮಳೆಹನಿಯ ಹಾಗೆ ಗುಂಡಗೆ ಗುಂಡಗೆ ಕೂಡಿ ಹರಿದುಬಿಟ್ಟಿತು. ಮತ್ತೆ ಎಳೆದ. ಮತ್ತೆ ಹಾಗೇ. ಅವನು ಬೆರಳು ಮುಟ್ಟಿ ಮೂಸಿ ನೋಡಿದ.

"ಅರೇ, ಇದಕ್ಕ ಏನ್ ಉಣಿಸೀರಿ?"

"ಕುಸುಬಿ ಎಣ್ಣಿ," ಎಂದಳು ಅಕ್ಕ, ಅಭಿಮಾನದಿಂದ. "ಗಾಣದ್ದು. ಖಂಡೇಪೂಜಿಗೆ ಒಂದು ವರ್ಷಾ ತಪ್ಪಿಸಿಲ್ಲ."

ಇದನ್ನು ಸ್ವಲ್ಪ ಹೇಳಬೇಕು. ಮಹಾನವಮಿಯ ಖಂಡೇಪೂಜೆಯ ದಿನ ನಮ್ಮ ಕಡೆ ಒಕ್ಕಲುತನದ ಸಾಮಾನನ್ನೆಲ್ಲ ತೊಳೆದು ಪೂಜೆ ಮಾಡುತ್ತಾರೆ. ಕಟ್ಟಿಗೆಯದೇನಿದ್ದರೂ ಅದಕ್ಕೆ ಎಣ್ಣೆ ತಿಕ್ಕಬೇಕು: ನೇಗಿಲು, ಬಿತ್ತುವ ಕೂರಿಗೆ, ಬಾಗಿಲು, ಹೊಸ್ತಿಲು. ಕಟ್ಟಿಗೆಗೆ ಎಣ್ಣೆ ಕುಡಿಸದಿದ್ದರೆ ಅದು ಬಾಯಾರಿ ಸೀಳುತ್ತದೆ ಎಂದು ಅಕ್ಕನ ಮಾವ ಹೇಳುತ್ತಿದ್ದರು. ಕೂರಿಗೆಯ ಮಟ್ಟಿಗೆ ಆ ಮಾತು ಸರಿ. ಅಕ್ಕ ರೇಡಿಯೋವನ್ನು ಆ ಸಾಲಿನಲ್ಲಿ ಮೊದಲಿಗೆ ಕೂರಿಸಿದಳು. ಎಲ್ಲಕ್ಕೂ ಒಂದು ಕೈ ಎಣ್ಣೆಯಾದರೆ ತವರಿನ ರೇಡಿಯೋಕ್ಕೆ ಎರಡು ಕೈ. ಮೇಲೆ ವಿಭೂತಿ, ಹೂವು. ಹೊಳಪು ಮಂಕಾದ ಹಾಗೆ ಕಂಡಾಗೆಲ್ಲ, ಪಾಪ, ಎಣ್ಣೆ ಸಾಲಲಿಲ್ಲ ಎಂದುಕೊಂಡು ಮತ್ತಷ್ಟು ತಿಕ್ಕಿದಳು. ಪಾಲಿಶ್ಶಿನ ಬಿರುಕುಗಳಲ್ಲಿ ಇಳಿದ ಎಣ್ಣೆ ಆ ತೆಳು ಕಟ್ಟಿಗೆಯ ಒಳಗೇ ಮನೆ ಮಾಡಿತ್ತು.

ಪಾಲಿಶ್ಶಿನವನು ಹಣೆ ಬಡಿದುಕೊಂಡ. "ಅಮ್ಮಾರ, ರೇಡಿಯೋ ಹೋಗಿ ಕೂರಿಗಿ ಮಾಡೀರಲ್ರಿ! ಇದರ ಮ್ಯಾಲ ಇನ್ನ ಪಾಲಿಶ್ ಹೆಂಗ ಕುಂದ್ರತೈತಿ? ಯಾರ್ರೀ ನಿಮಗ ಹೇಳಿದವ್ರು ಎಣ್ಣಿ ಹಚ್ರಿ ಅಂತ?"

ಅವನಿಗೆ ಕೆಟ್ಟ ಮನಸ್ಸಿರಲಿಲ್ಲ. ನಾನು ಕಣ್ಣು ಸನ್ನೆ ಮಾಡಿದೆ, ಅವನು ನೋಡಲಿಲ್ಲ. ಅಕ್ಕ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಅವನು ಮಳೆಗಾಲ ಹೋಗಲಿ, ಚಳಿ ಬೀಳಲಿ, ಆಗ ಒಂದು ಕೈ ನೋಡೋಣ ಎಂದ. ಆಗಲೇ ಹೊರಗೆ ಮಳೆ ಹಿಡಿದಿತ್ತು. ಚಳಿ ಬೀಳುವ ತನಕ ಕಾಯಲು ನಮ್ಮ ಕೈಯಲ್ಲಿ ಕಾಲವಿರಲಿಲ್ಲ ಎಂದು ಅವನಿಗೆ ನಾನು ಹೇಳಲಿಲ್ಲ.

ಸವಣೂರಿಗೆ ಬಂದರೆ ಅಲ್ಲಿನ ಹೆಸರಾದ ಖಾರದ ಕುರುಕಲು ಕಟ್ಟಿಸಿಕೊಳ್ಳದೆ ಅಕ್ಕ ಬಸ್ಸು ಹತ್ತಿದವಳಲ್ಲ. ಆ ದಿನ ಅಂಗಡಿಯ ಮುಂದೆ ನಾನೇ ನಿಂತು ಕೇಳಿದೆ. ಬೇಡ ಎಂದಳು. ಬಸ್ಸಿನಲ್ಲಿ ಬಹಳ ದೂರ ಬಂದ ಮೇಲೆ, "ನಾನ ಕೆಡಿಸೇನೇನೋ," ಎಂದಳು.

"ಇಲ್ಲಬೇ, ಅಂವಾ ಹಂಗ ಮಾತಾಡ್ತಾನ, ಕೆಲಸಾ ಬಾರದವ."

"ಬ್ಯಾರೇದ್ದಕ್ಕೆಲ್ಲಾ ಒಂದು ಕೈ ಹಚ್ಚತಿದ್ನಿ. ಇದಕ್ಕ ಎರಡು." ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದಳು. ಕಿಟಕಿಯಲ್ಲಿ ಆಕೆಗೆ ಏನು ಕಾಣುತ್ತಿತ್ತೋ.

ಮರುದಿನದಿಂದ ನಾನೇ ಕೂತೆ. ಟಿಕೀಟು ಹರಿಯುವುದನ್ನು ಬಿಟ್ಟರೆ ಬೇರೆ ಕೈಗೆಲಸ ಗೊತ್ತಿಲ್ಲದವನು ನಾನು. ಸವಣೂರಿನವನಿಗೇ ಫೋನು ಮಾಡಿ ಎಣ್ಣೆ ತೆಗೆಯುವ ದಾರಿ ಕೇಳಿದೆ. ಅವನು ಒಂದೊಂದು ದಿನ ಒಂದೊಂದು ಹೇಳಿದ. ಸೀಮೆಸುಣ್ಣದ ಪುಡಿಯನ್ನು ಸ್ಪಿರಿಟ್ಟಿನಲ್ಲಿ ಕಲಸಿ ಬಳಿದರೆ ಒಣಗುವಾಗ ಎಣ್ಣೆಯನ್ನು ಮೇಲಕ್ಕೆ ಎಳೆಯುತ್ತದೆ ಎಂಬುದೊಂದು ನಿಜವಾಯಿತು. ಬೆಳ್ಳಗೆ ಬಳಿದದ್ದು ಮಧ್ಯಾಹ್ನದ ಹೊತ್ತಿಗೆ ಹಳದಿಯಾಗುತ್ತಿತ್ತು. ಕೆರೆದು ತೆಗೆದು ಮತ್ತೆ ಬಳಿಯುತ್ತಿದ್ದೆ. ಮತ್ತೆ ಹಳದಿ. ಅದು ಮುಗಿಯುವ ಎಣ್ಣೆಯಲ್ಲ.

"ತಲಿಗೆ ಹಚ್ಚಿದ ಎಣ್ಣಿ ಸೀಗಿಕಾಯಿಗೆ ಹೋಗತೈತಿ, ಒಮ್ಮೆ ಎರದು ನೋಡ್ರಿ," ಎಂದಳು ಹೆಂಡತಿ. "ಸುಸ್ತ ಆತಂದ್ರ ಲೋಬಾನಾ ಹಾಕಿ ತೊಟ್ಲಾಗ ಮಲಗಸ್ರಿ."

"ಬಾಣಂತಿ ಯಾರು?" ಎಂದೆ.

"ನೀವ. ಮಾರಿ ನೋಡ್ಕೋರಿ, ಹೆತ್ತವ್ರಂಗ ಆಗೈತಿ."

ಅಕ್ಕ ಒಳಗಿನಿಂದ ನಕ್ಕಳು. ಆಕೆ ಹಬ್ಬ ಮುಗಿದರೂ ಊರಿಗೆ ಹೋಗಿರಲಿಲ್ಲ. ಪಂಚಮಿಗೆ ಬಂದ ಮಗಳು ಇಷ್ಟು ದಿನ ನಿಂತರೆ ಓಣಿಯವರು ಸುಮ್ಮನಿರುತ್ತಾರೆಯೇ? "ಏನ್ರಿ, ಗಂಡನ ಮನಿ ಮರತ್ರೇನು?" ಎಂದು ಕಟ್ಟೆಯ ಮೇಲಿನವರು ಕಾಲೆಳೆದರೆ, "ದಾರಿ ಕಾಣವಲ್ದವಾ, ಅದಕ್ಕ ಇಲ್ಲೇ ಅದೀನಿ" ಎನ್ನುತ್ತಿದ್ದಳು. ಅವರು ಅದನ್ನು ಚೇಷ್ಟೆ ಎಂದು ತಿಳಿದು ನಗುತ್ತಿದ್ದರು. ನಾನು ಪೆಟ್ಟಿಗೆಯನ್ನು ಕೆರೆಯುತ್ತ ತಲೆ ಎತ್ತುತ್ತಿರಲಿಲ್ಲ.

ಒಳ್ಳೆಯದಾದದ್ದಕ್ಕಿಂತ ಕೆಟ್ಟದ್ದೇ ಹೆಚ್ಚು. ಸ್ಪಿರಿಟ್ಟಿಗೆ ಬಂಗಾರದ ಗೆರೆ ಕರಗಿ ಬಟ್ಟೆಗೆ ಬಂದುಬಿಟ್ಟಿತು; ಬಟ್ಟೆಯ ಮೇಲಿನ ಹೊಳೆಯುವ ಹೊಲಸನ್ನು ನೋಡುತ್ತ ಬಹಳ ಹೊತ್ತು ಕೂತಿದ್ದೆ. ಎಡಗಡೆಯ ಮೂಲೆಯಲ್ಲಿ ಮೇಲಿನ ಪದರು ತಂಪಿಗೆ ಗುಳ್ಳೆ ಎದ್ದಿತು, ಒತ್ತಿ ಕೂರಿಸುವಾಗ ಸೀಳಿತು. ಎಣ್ಣೆ ಕಡಿಮೆಯಾಗಿದೆ ಎಂದು ಪಾಲಿಶ್ ಎಳೆದರೆ ಎರಡು ದಿನ ಕಳೆದರೂ ಅಂಟು ಅಂಟು. ಹೊರಗೆ ಹಿಡಿದ ಮಳೆ ಬಿಡದು. ಗೋಡೆಗಳೇ ಬೆವರುವ ದಿನಗಳು.

ನಡುವೆ ಒಂದು ಸಂಜೆ ಹಣೆಯ ನಟ್ಟನಡುವೆ ಪಾಲಿಶ್ ನಿಂತಿತು. ಅಂಗೈಯಗಲವೇ ಇರಬಹುದು, ಆದರೆ ನಿಂತಿತು. ಬಾಗಿ ನೋಡಿದೆ, ಅದರೊಳಗೆ ತೊಲೆ ಕಾಣಿಸಿತು, ತೊಲೆಗೆ ನೇತುಬಿಟ್ಟ ಗಡಿಗೆಯ ಸಿಕ್ಕ ಕಾಣಿಸಿತು. "ಅಕ್ಕಾ, ಬಾ ಲಗೂ!" ಎಂದು ಕೂಗಿದೆ. ಆಕೆ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಕೈ ಈಗ ಕಣ್ಣನ್ನು ನೆಚ್ಚಿಕೊಳ್ಳದೆ ತಟ್ಟುವುದನ್ನು ಕಲಿತಿತ್ತು.

"ಹಂಚಿನ ಮ್ಯಾಲ ರೊಟ್ಟಿ ಐತಿ. ಈ ಬೆಳಕಿನ್ಯಾಗ ನನಗೇನ್ ಕಾಣತೈತೋ? ಮುಂಜಾನಿ ಬಿಸಲು ಬಿದ್ದಾಗ ನೋಡ್ತೇನಿ ತಡಿ. ತಲಿ ಹಿಕ್ಕೊಂಡು, ಛಲೋ ಸೀರಿ ಉಟಗೊಂಡು ನೋಡ್ತೇನಿ."

ಬೆಳಿಗ್ಗೆ ಅಕ್ಕ ಹಸಿರು ಸೀರೆ ಉಟ್ಟು, ಹೆಂಡತಿಯಿಂದ ತಲೆ ಬಾಚಿಸಿಕೊಂಡು ಪಡಸಾಲೆಗೆ ಬಂದಳು. ನಾನು ಅದಕ್ಕೆ ಮೊದಲೇ ಎದ್ದು ಬಟ್ಟೆ ಸರಿಸಿ ನೋಡಿದ್ದೆ. ತಂಪು ಕುಡಿದ ಪಾಲಿಶ್ ಹಾಲಿನ ಕೆನೆಯ ಹಾಗೆ ಬೆಳ್ಳಗೆ ಮುಚ್ಚಿಕೊಂಡಿತ್ತು. ಅದರೊಳಗೆ ತೊಲೆ ಇಲ್ಲ, ಸಿಕ್ಕ ಇಲ್ಲ, ಏನೂ ಇಲ್ಲ.

"ಇನ್ನೊಂದೆರಡು ದಿನಾ ಬೇಕಕ್ಕಾ," ಎಂದೆ.

"ಆತ ತಗೋ," ಎಂದಳು. ಆ ಸೀರೆಯನ್ನು ಅವತ್ತು ಬಿಚ್ಚಲಿಲ್ಲ. ಅದನ್ನು ಉಟ್ಟುಕೊಂಡೇ ನೆಲ ಬಳಿದಳು.

ಆಮೇಲಿನ ವಾರಗಳನ್ನು ನೆನೆಯಲು ನನಗೆ ಇಷ್ಟವಿಲ್ಲ. ಗಣಪತಿ ಬಂದು ಹೋದ. ದುಂಡಸಿಯ ಕಡೆಯಿಂದ ಬರುವ ಬಸ್ಸುಗಳಲ್ಲಿ ಹೆಸರುಕಾಳಿನ ಚೀಲಗಳು ಬಂದವು. ನಾನು ಬಳಿಯುತ್ತಿದ್ದೆ, ಕೆರೆಯುತ್ತಿದ್ದೆ. ಅಕ್ಕ ಮೊದಮೊದಲು ದಿನಕ್ಕೆ ಹತ್ತು ಸಲ ಬಂದು "ಬಂತೇನ?" ಎಂದು ಕೇಳುತ್ತಿದ್ದವಳು, ನಿಧಾನವಾಗಿ ಕೇಳುವುದನ್ನು ಬಿಟ್ಟಳು. ನನ್ನ ಮೇಲಿನ ಮರುಕದಿಂದ ಬಿಟ್ಟಳೆಂದು ನಾನು ತಿಳಿದಿದ್ದೆ. ಒಂದು ದಿನ ಬಾಗಿಲ ಚೌಕಟ್ಟಿಗೆ ಹಣೆ ಬಡಿದು ಬಾವು ಬಂದಿತು. "ಈ ಬಾಗಲಾ ಮೊದಲ ಇಲ್ಲಿ ಇರಲಿಲ್ಲ," ಎಂದು ನಗಿಸಲು ನೋಡಿದಳು. ಹನಿ ಬಿಡುವಾಗ ನಾನು ದೀಪ ಹತ್ತಿರ ತಂದರೆ ಮೊದಲು ಕಣ್ಣು ಕಿರಿದು ಮಾಡುತ್ತಿದ್ದಳು. ಈಗ ಮಾಡುತ್ತಿರಲಿಲ್ಲ. ಅದನ್ನು ನೋಡಿಯೂ ನೋಡದವನ ಹಾಗೆ ಇದ್ದೆ. ಪಾಲಿಶ್ ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ಒಂದು ಹುಚ್ಚು ತಲೆಯಲ್ಲಿ ಕೂತಿತ್ತು, ಹೊಳಪೂ ಕಣ್ಣೂ ಒಂದೇ ಎಂಬಂತೆ.

ಮಹಾನವಮಿ ಹತ್ತಿರ ಬಂದಾಗ ಮಳೆ ಹಿಂದೆಗೆಯಿತು. ಗಾಳಿ ಒಣಗಿತು. ಸುಣ್ಣ ಬೆಳ್ಳಗೇ ಉಳಿಯತೊಡಗಿತು. ಪೊಟ್ಲಿ ಎಳೆದರೆ ಪಾಲಿಶ್ ಹಾಸಿಕೊಂಡು ನಿಂತಿತು. ಮರುದಿನ ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಅಂಚಿಗೆ ಕಾಕಂಬಿಯ ಬಣ್ಣ ಕೊಟ್ಟೆ. ಅಂಗಡಿಗಳ ಹೆಸರಿನ ಹಲಗೆ ಬರೆಯುವವರ ಕುಂಚ ತಂದು ಬಂಗಾರದ ಗೆರೆಯನ್ನೂ ಎಳೆದೆ, ಸ್ವಲ್ಪ ಸೊಟ್ಟಗಾಯಿತು. ಪೂಜೆಯ ಹಿಂದಿನ ದಿನ ಬೆಳಗಿನ ಬಿಸಿಲಿನಲ್ಲಿ ಬಟ್ಟೆ ತೆಗೆದಾಗ ನವಿಲುಗರಿಯ ನಡುವೆ, ನೀರಿನ ತಳದಲ್ಲಿ ಎಂಬಂತೆ, ಒಂದು ಮುದಿ ಮಂಗ್ಯಾ ಕೂತು ನನ್ನನ್ನು ನೋಡುತ್ತಿತ್ತು.

ಹೆಂಡತಿಯನ್ನು ಕರೆದೆ. ಆಕೆ ಬಾಗಿ ನೋಡಿ, ತನಗೆ ತಿಳಿಯದೆಯೇ ಕೈ ಎತ್ತಿ ಕಿವಿಯ ಹಿಂದೆ ಕೂದಲು ಸರಿಸಿಕೊಂಡಳು. ಆಮೇಲೆ ಹೋಗಿ ಅಕ್ಕನ ಕೈ ಹಿಡಿದು ತಂದಳು.

ಅಕ್ಕ ಹಸಿರು ಸೀರೆ ಕೇಳಲಿಲ್ಲ. ಮಣೆಯ ಮೇಲೆ ಕೂತಳು. ರೇಡಿಯೋ ಎದುರಿಗೇ, ಕೈ ಚಾಚಿದರೆ ತಾಗುವಷ್ಟು ಹತ್ತಿರ, ಬಿಸಿಲಿನಲ್ಲಿ ಹೊಳೆಯುತ್ತಿತ್ತು. ಅದರೊಳಗೆ ಆಕೆಯ ಎರಡೂ ಭುಜ ಕಾಣುತ್ತಿದ್ದವು, ಹಣೆಯ ವಿಭೂತಿ ಕಾಣುತ್ತಿತ್ತು. ಆಕೆ ಕುತ್ತಿಗೆ ಆ ಕಡೆ ತಿರುಗಿಸಿದಳು, ಈ ಕಡೆ ತಿರುಗಿಸಿದಳು. ಒಳಗಿನವಳೂ ತಿರುಗಿಸಿದಳು.

"ಇದರ ಮಾರಿ ಯಾ ಕಡೆ ಐತೋ ತಮ್ಮಾ?" ಎಂದಳು ಅಕ್ಕ.

ನಾನು ಆಕೆಯ ಕೈ ಹಿಡಿದು ಪೆಟ್ಟಿಗೆಯ ಹಣೆಯ ಮೇಲೆ ಇಟ್ಟೆ. ಬೆರಳು ಜಾರಿದವು. ಅಂಚಿನವರೆಗೆ ಹೋಗಿ, ಬಂಗಾರದ ಗೆರೆಯ ಮೇಲೆ ಏನೂ ತಿಳಿಯದೆ ಹಾದು, ತಿರುಗಿ ಬಂದವು. ಆಮೇಲೆ ಅಕ್ಕ ಬಾಗಿ ಮೂಗು ಹತ್ತಿರ ತಂದಳು. ಸ್ಪಿರಿಟ್ಟಿನ ವಾಸನೆಗೆ ಮುಖ ಹಿಂದಕ್ಕೆಳೆದುಕೊಂಡಳು.

"ಎಣ್ಣಿ ವಾಸನಿ ಇಲ್ಲಲ್ಲೋ. ಇದು ನಮ್ಮದೇನು?"

"ನಮ್ಮದಬೇ."

"ಮತ್ತ ಗುರ್ತ ಹತ್ತವಲ್ದು."

ಒಂದು ಅಂಚಿನಲ್ಲಿ, ಬುಡದ ಹತ್ತಿರ, ಮೊದಲಿನ ಕಪ್ಪು ಸ್ವಲ್ಪವಾದರೂ ಉಳಿದಿದೆಯೇ ಎಂದು ನಾನು ಹುಡುಕಿದೆ. ಉಳಿಸಿರಲಿಲ್ಲ. ಅಷ್ಟು ಮೈಮುರಿದು ತೆಗೆದಿದ್ದೆ.

ಯಾವಾಗಿನಿಂದ ಕಾಣುತ್ತಿಲ್ಲ ಎಂದು ಹೆಂಡತಿ ಅಳುತ್ತ ಕೇಳಿದಳು. "ಗಣಪತಿ ಕಳಿಸಿದ ಮ್ಯಾಲ ಪೂರಾ ಹೋತವಾ. ಇಂವಾ ಕೆರಿಯೂದು ಕೇಳಸ್ತಿತ್ತು. ಹೇಳಿದ್ರ ಎಲ್ಲಿ ಬಿಟ್ಟಾನು ಅಂತ ಸುಮ್ನಿದ್ನಿ," ಎಂದಳು ಅಕ್ಕ.

ಖಂಡೇಪೂಜೆಯ ದಿನ ನಮ್ಮ ಮನೆಯಲ್ಲಿ ಹೆಚ್ಚಿಗೆ ಏನಿಲ್ಲ. ಹೊಲಿಗೆ ಮಷೀನು, ಕೊಡಲಿ, ಈಳಿಗೆ, ನನ್ನ ಹಳೆಯ ಚೀಲ ಮತ್ತು ಸೀಟಿ. ರೇಡಿಯೋವನ್ನೂ ಸಾಲಿನಲ್ಲಿ ಇಟ್ಟೆವು. ಅಕ್ಕ ಸ್ನಾನ ಮಾಡಿ ಬಂದು ಅದರ ಮುಂದೆ ಕೂತು ಕೈ ಚಾಚಿದಳು.

"ಎಣ್ಣಿ ಬಟ್ಲಾ ಕೊಡು."

ಹೆಂಡತಿ ನನ್ನ ಮುಖ ನೋಡಿದಳು. ನಾನೇ ಎದ್ದು ಹೋಗಿ ಕುಸುಬಿ ಎಣ್ಣೆಯ ಬಟ್ಟಲನ್ನು ತಂದು ಅಕ್ಕನ ಕೈಗೆ ಕೊಟ್ಟೆ. ಇನ್ನು ಯಾವುದನ್ನು ಕಾಪಾಡಲು ಬೇಡ ಎನ್ನಲಿ? ಆಕೆ ಅಂಗೈಯಲ್ಲಿ ಎಣ್ಣೆ ಸುರಿದುಕೊಂಡು ಪೆಟ್ಟಿಗೆಯ ಹಣೆಗೆ ತಿಕ್ಕತೊಡಗಿದಳು. ಎಣ್ಣೆಯ ವಾಸನೆ ಎದ್ದಿತು. ಆಕೆಯ ಮುಖ ಒಂದು ಕ್ಷಣ ಸಡಿಲವಾಯಿತು. ಆದರೆ ಎಣ್ಣೆ ಒಳಗೆ ಇಳಿಯಲಿಲ್ಲ. ಸವಣೂರಿನಲ್ಲಿ ಎಣ್ಣೆಯ ಮೇಲೆ ಪಾಲಿಶ್ ಹೇಗೆ ನಿಲ್ಲಲಿಲ್ಲವೋ, ಈಗ ಪಾಲಿಶ್ಶಿನ ಮೇಲೆ ಎಣ್ಣೆ ಹಾಗೇ ನಿಲ್ಲಲಿಲ್ಲ. ಹನಿಹನಿಯಾಗಿ ಕೂಡಿ, ನವಿಲುಗರಿಯ ಮೇಲಿಂದ ಹರಿದು, ಬುಡದಿಂದ ತೊಟ್ಟಿಕ್ಕಿ ನೆಲದ ರಂಗೋಲಿಯನ್ನು ನೆನೆಸಿತು. ಅಕ್ಕನ ಕೈ ನಿಂತಿತು. ಮತ್ತೆ ತಿಕ್ಕಿದಳು, ಬಲವಾಗಿ, ರೊಟ್ಟಿಯ ಹಿಟ್ಟು ನಾದುವ ಹಾಗೆ.

"ಕುಡಿಯವಲ್ದಲ್ಲೋ," ಎಂದಳು.

"ಸಾಕು ಬಿಡಕ್ಕಾ."

"ಒಂದು ಕೈ ಸೈತ ಕುಡಿಯವಲ್ದು. ಎಷ್ಟ ಕುಡಿಯೂದು ಮೊದಲ."

ಮತ್ತೆ ಸುರಿದುಕೊಂಡಳು. ಮತ್ತೆ ಹರಿಯಿತು. ಬಟ್ಟಲು ಖಾಲಿಯಾಗುವ ತನಕ ತಿಕ್ಕಿದಳು, ಆಮೇಲೆ ಎಣ್ಣೆಯ ಕೈಗಳನ್ನು ಎಲ್ಲಿ ಒರೆಸಬೇಕೋ ತಿಳಿಯದವಳ ಹಾಗೆ ಗಾಳಿಯಲ್ಲಿ ಹಿಡಿದುಕೊಂಡು ಕೂತಳು. ಹೆಂಡತಿ ಬಂದು ತನ್ನ ಸೆರಗಿನಿಂದ ಒರೆಸಿದಳು.

ಬನ್ನಿ ಕೊಟ್ಟು ತಗೊಂಡ ಮರುದಿನ ಅಕ್ಕನನ್ನು ಹಿರೇಕೆರೂರಿಗೆ ಬಿಟ್ಟುಬರಲು ಹೊರಟೆ. ರೇಡಿಯೋವನ್ನು ಕಂಬಳಿಯಲ್ಲಿ ಸುತ್ತಲು ಹೋದರೆ, "ಅದನ್ಯಾಕ? ಇಲ್ಲೇ ಇರ್ಲಿ," ಎಂದಳು. "ಕಂಬಳಿ ಅಷ್ಟ ಕೊಡು."

ಬಸ್ಸಿನಲ್ಲಿ ಕಂಬಳಿಯನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡಳು. ಹೊಸ ಕಂಡಕ್ಟರನೊಬ್ಬ ಬಂದು, "ಯಾಕಬೇ, ಇಷ್ಟ ಬಿಸಲಾಗ ಥಂಡೀನ?" ಎಂದ. ಯಾವ ಮಾತಿಗೂ ತಿರುಗಿಸಿ ಕೊಡುತ್ತಿದ್ದ ಅಕ್ಕ ಕಂಬಳಿಯ ಮಡಿಕೆ ಸರಿಮಾಡಿಕೊಂಡಳು. ಹಾನಗಲ್ಲು ಬಂತು. ಬಸ್ಸು ಅಲ್ಲಿ ಬಹಳ ಹೊತ್ತು ನಿಂತಿತು. ಯಾವ ಊರು ಎಂದು ಆಕೆ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಂಬಳಿಯ ಮೇಲೆ ಆಕೆಯ ಅಂಗೈ ಹಿಂದಕ್ಕೂ ಮುಂದಕ್ಕೂ ಆಡುತ್ತಿತ್ತು, ಒಂದು ಕೈ, ಆಮೇಲೆ ಇನ್ನೊಂದು ಕೈ.